ಹವ್ಯಾಸದ ಛಾಯಾಚಿತ್ರಕ್ಕೆ ಬೆಲೆ ಬರುವ ಬಗೆ

ನಗರದಲ್ಲಿ ವಾಸಿಸುವ ನಾವು ರಜೆ ಬಂದೊಡನೆ ಕಾಡನ್ನು ನೆನೆಯುತ್ತೇವೆ. ಧಾರವಾಡದಿಂದ ಸುಮಾರು ೫೫ ಕಿಲೋಮೀಟರು ದೂರದ ದಾಂಡೇಲಿಗೆ ಹೋಗಿ, ಕಾಳಿ ನದಿಯ ದಡದಲ್ಲಿ ಎರಡು ದಿನ ತಂಗಿ, ಹೆಗಲಿಗೆ ಕ್ಯಾಮರಾ ತೂಗುಹಾಕಿಕೊಂಡು ತಿರುಗಾಡಿ, ನಾನೂರು ಐನೂರು ಚಿತ್ರಗಳನ್ನು ಹೊತ್ತು ಹಿಂದಿರುಗುತ್ತೇವೆ. ಮನೆಗೆ ಬಂದವರಿಗೆ ಅವನ್ನು ತೋರಿಸಿದಾಗ ಅವರಲ್ಲೊಬ್ಬರು, ಮರ್ಯಾದೆಗಾಗಿಯೋ ಮನಸಾರೆ ಮೆಚ್ಚಿಯೋ, "ಇಷ್ಟು ಚೆನ್ನಾಗಿ ತೆಗೆಯುತ್ತೀರಿ, ಇವನ್ನು ಮಾರಬಾರದೇಕೆ?" ಎಂದು ಕೇಳುತ್ತಾರೆ. ಬಂದವರು ಹೋದ ಮೇಲೂ ಆ ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಮಾರುವುದೆಂದರೆ ಏನನ್ನು ಮಾರುವುದು? ಎಂತಹ ಚಿತ್ರವನ್ನು? ಯಾರ ಅಪ್ಪಣೆ ಪಡೆದು? ಯಾರಿಗೆ, ಯಾವ ಬೆಲೆಗೆ? ಈ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಂಡು ವಿಚಾರಮಾಡುವುದು ನಮ್ಮ ಇಂದಿನ ಉದ್ದೇಶ. ಉದಾಹರಣೆಗೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳನ್ನು, ಎಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡುಗಳನ್ನು ತೆಗೆದುಕೊಳ್ಳುತ್ತೇವೆ. ಕ್ಯಾಮರಾ ಹಿಡಿದವರು ಹೆಚ್ಚಾಗಿ ಹೋಗುವ ಸೀಮೆಯದು. ಅಲ್ಲಿ ಕಲಿತ ಪಾಠ ಬೇರೆ ಊರುಗಳಿಗೂ ಒಪ್ಪುತ್ತದೆ.

ಮೊದಲನೆಯ ಪ್ರಶ್ನೆ: ನಾವು ಮಾರುವುದು ಏನನ್ನು? ಬಟ್ಟೆಯನ್ನೋ ಬೆಲ್ಲವನ್ನೋ ಮಾರಿದರೆ ಅದು ನಮ್ಮ ಕೈಬಿಟ್ಟು ಹೋಗುತ್ತದೆ. ಛಾಯಾಚಿತ್ರದ ಮಾರಾಟ ಹಾಗಲ್ಲ. ಪತ್ರಿಕೆಯವರಾಗಲಿ ಪ್ರಕಾಶಕರಾಗಲಿ ಕೊಳ್ಳುವುದು ಸಾಮಾನ್ಯವಾಗಿ ಚಿತ್ರವನ್ನಲ್ಲ, ಅದನ್ನು ಉಪಯೋಗಿಸುವ ಅನುಮತಿಯನ್ನು. ಮನೆಯನ್ನು ಬಾಡಿಗೆಗೆ ಕೊಟ್ಟ ಹಾಗೆ ಒಂದೇ ಚಿತ್ರವನ್ನು ಇಂದು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಕೊಡಬಹುದು. ಮನೆ ಮಾತ್ರ ನಮ್ಮದೇ. ಈ ಸಣ್ಣ ತತ್ತ್ವವನ್ನು ಅರಿಯದೆ ಎಷ್ಟೋ ಮಂದಿ ಹವ್ಯಾಸಿಗಳು ಬಾಡಿಗೆಯ ಹಣಕ್ಕೆ ಮನೆಯನ್ನೇ ಬರೆದುಕೊಟ್ಟಿದ್ದಾರೆ.

ನಮ್ಮ ದೇಶದಲ್ಲಿ ಈ ವಿಷಯವನ್ನು ಆಳುವುದು ೧೯೫೭ರ ಕೃತಿಸ್ವಾಮ್ಯದ ಕಾಯಿದೆ. ಅದರ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಗುಂಡಿ ಒತ್ತಿದ ಕ್ಷಣದಲ್ಲಿಯೇ ಹಕ್ಕು ಹುಟ್ಟುತ್ತದೆ. ಯಾವ ಕಚೇರಿಯಲ್ಲಿಯೂ ದಾಖಲು ಮಾಡಿಸಲೇಬೇಕೆಂಬ ನಿಯಮವಿಲ್ಲ. ೨೦೧೨ರ ತಿದ್ದುಪಡಿಯಾದ ಮೇಲೆ ಈ ಹಕ್ಕು ಕರ್ತೃವಿನ ಜೀವಮಾನಕ್ಕೂ ಅನಂತರ ೬೦ ವರ್ಷಗಳಿಗೂ ಇರುತ್ತದೆ. ಆದರೆ ಇದಕ್ಕೆ ಒಂದು ಮುಖ್ಯವಾದ ಅಪವಾದ ಉಂಟು. ಯಾರಾದರೂ ಹಣ ಕೊಟ್ಟು, ತಮಗಾಗಿ ಚಿತ್ರ ತೆಗೆಸಿದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಆ ಚಿತ್ರದ ಮೊದಲ ಒಡೆಯರು ಹಣ ಕೊಟ್ಟವರೇ. ಗಣೇಶಗುಡಿಯ ಒಂದು ವಸತಿಗೃಹದವರು ನಮ್ಮನ್ನು ಕರೆಸಿ, ಸಂಬಳ ಗೊತ್ತುಮಾಡಿ ಚಿತ್ರ ತೆಗೆಸಿದರೆಂದು ಭಾವಿಸೋಣ. ಆ ಚಿತ್ರಗಳು ಅವರವು. ನಾವಾಗಿ ತೆಗೆದಿಟ್ಟಿದ್ದ ಚಿತ್ರವನ್ನು ಅವರು ತಮ್ಮ ಗೋಡೆಗೆ ಕೇಳಿ ಪಡೆದರೆ, ಗೋಡೆಯ ಮೇಲಿನ ಪ್ರತಿ ಅವರದು, ಹಕ್ಕು ನಮ್ಮದು. ಎರಡು ಸಂದರ್ಭಗಳೂ ನೋಡುವುದಕ್ಕೆ ಒಂದೇ ಬಗೆಯಾಗಿ ಕಂಡರೂ ಫಲದಲ್ಲಿ ಅಜಗಜಾಂತರ. ಆದುದರಿಂದ ಕೆಲಸಕ್ಕೆ ಮುಂಚೆಯೇ ಎರಡು ಸಾಲಿನ ಕಾಗದವಾದರೂ ಇರಬೇಕು.

ಈ ಮಾತನ್ನು ನಾವು ಪೆಟ್ಟು ತಿಂದು ಕಲಿತೆವು. ಬಹಳ ವರ್ಷಗಳ ಹಿಂದೆ ಪರಿಚಿತರೊಬ್ಬರು ಕೇಳಿದರೆಂದು, ಕಾಳಿ ನದಿಯ ಮೇಲೆ ಮಂಜು ಕವಿದ ಬೆಳಗಿನ ಚಿತ್ರವೊಂದನ್ನು ಪೂರ್ಣ ಗಾತ್ರದಲ್ಲಿಯೇ ಕಳುಹಿಸಿಕೊಟ್ಟೆವು. ಯಾವುದಕ್ಕೆ, ಎಷ್ಟು ಕಾಲಕ್ಕೆ ಎಂದು ಅವರೂ ಬರೆಯಲಿಲ್ಲ, ನಾವೂ ಕೇಳಲಿಲ್ಲ. ಮರುವರ್ಷ ಆ ಚಿತ್ರವನ್ನು ಅಪರಿಚಿತರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದೆವು. ನಮ್ಮ ಹೆಸರಿರಲಿಲ್ಲ, ನದಿಯ ಹೆಸರೂ ತಪ್ಪಾಗಿತ್ತು. ಹಣ ಹೋಯಿತೆಂಬುದಕ್ಕಿಂತ ನದಿಯ ಹೆಸರು ತಪ್ಪಿತೆಂಬುದು ನಮ್ಮನ್ನು ಹೆಚ್ಚು ನೋಯಿಸಿತು. ತಪ್ಪಿನಲ್ಲಿ ಅರ್ಧ ಪಾಲು ನಮ್ಮದೇ. ಆ ಹೊತ್ತಿನಿಂದ ನಾವು ಯಾರಿಗೆ ಚಿತ್ರ ಕೊಟ್ಟರೂ ಐದು ವಿಷಯಗಳನ್ನು ಬರೆದು ಕೊಡುತ್ತೇವೆ: ಯಾವ ಉಪಯೋಗಕ್ಕೆ, ಎಷ್ಟು ಕಾಲಕ್ಕೆ, ಯಾವ ಪ್ರದೇಶದೊಳಗೆ, ಯಾವ ಬೆಲೆಗೆ, ಯಾರ ಹೆಸರಿನಲ್ಲಿ. ಕಾಯಿದೆಯೂ ಈ ಬರವಣಿಗೆಯನ್ನೇ ಕೇಳುತ್ತದೆ. ಅವಧಿಯನ್ನು ಹೇಳದೆ ಹಕ್ಕನ್ನು ಬರೆದುಕೊಟ್ಟರೆ ಅದನ್ನು ಐದು ವರ್ಷಗಳಿಗೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಅದು ಎಣಿಸುತ್ತದೆ.

ಇನ್ನು ಎರಡನೆಯ ಪ್ರಶ್ನೆ: ಎಂತಹ ಚಿತ್ರಕ್ಕೆ ಬೇಡಿಕೆ? ಹೊಸಬರೆಲ್ಲರೂ ಅಂದವಾದ ಚಿತ್ರಕ್ಕೆ ಎಂದು ಉತ್ತರ ಹೇಳುತ್ತಾರೆ. ನಮ್ಮ ಅನುಭವ ಬೇರೆ. ಸೂರ್ಯಾಸ್ತದ ಚಿತ್ರ ಅಂದವಾದುದೇ. ಆದರೆ ಸೂರ್ಯ ಎಲ್ಲ ಊರಿನಲ್ಲಿಯೂ ಮುಳುಗುತ್ತಾನೆ, ಎಲ್ಲರ ಕೈಯಲ್ಲಿಯೂ ಕ್ಯಾಮರಾ ಇದೆ. ಅಂತರಜಾಲದ ಚಿತ್ರಭಂಡಾರಗಳಲ್ಲಿ ಸೂರ್ಯಾಸ್ತಗಳು ಲೆಕ್ಕವಿಲ್ಲದಷ್ಟು ಬಿದ್ದಿವೆ. ಸಾಲದೆಂಬಂತೆ, ಈಗ ಯಾರೂ ನೋಡದ ಸೂರ್ಯಾಸ್ತವನ್ನು ಗಣಕಯಂತ್ರವೇ ಕ್ಷಣಮಾತ್ರದಲ್ಲಿ ರಚಿಸಿಕೊಡುತ್ತದೆ. ಆದಕಾರಣ ಬರಿಯ ಅಂದಕ್ಕೆ ಬೆಲೆ ಇಳಿದಿದೆ. ಇಳಿಯದಿರುವುದು ಅರಿವಿನ ಬೆಲೆ: ಇದು ಯಾವ ಹಕ್ಕಿ, ಯಾವ ಊರು, ಯಾವ ತಿಂಗಳು, ಇಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನೆಚ್ಚಿಕೆಯಾಗಿ ಹೇಳಬಲ್ಲ ಚಿತ್ರದ ಬೆಲೆ. ಯಂತ್ರ ಹಕ್ಕಿಯನ್ನು ಬರೆಯಬಲ್ಲುದು; ಇಂತಹ ದಿನ ಇಂತಹ ಮರದ ಮೇಲೆ ಆ ಹಕ್ಕಿ ಕುಳಿತಿತ್ತೆಂದು ಸಾಕ್ಷಿ ನುಡಿಯಲಾರದು. ಪತ್ರಿಕೆಯವರಿಗೂ ಪಠ್ಯಪುಸ್ತಕದವರಿಗೂ ಸಂಶೋಧಕರಿಗೂ ಬೇಕಾದುದು ಆ ಸಾಕ್ಷಿಯೇ.

ಮಂಗಟ್ಟೆ ಹಕ್ಕಿಯನ್ನು ನೋಡೋಣ. ದಾಂಡೇಲಿಯ ಸುತ್ತಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ: ದೊಡ್ಡ ಮಂಗಟ್ಟೆ, ಮಲಬಾರಿನ ಕಪ್ಪು-ಬಿಳಿ ಮಂಗಟ್ಟೆ, ಮಲಬಾರಿನ ಬೂದು ಮಂಗಟ್ಟೆ, ಮತ್ತು ಬಯಲುಸೀಮೆಯಲ್ಲಿಯೂ ಕಾಣುವ ಸಾಧಾರಣ ಬೂದು ಮಂಗಟ್ಟೆ. ಊರಿನ ಮರದ ಡಿಪೋದಲ್ಲಿಯೇ ಅವು ಬಂದು ಕೂರುವುದನ್ನು ಕಾಣಬಹುದು. ಕಾಳಿಯ ದಡದ ಕಾಡಿನ ಒಂದು ಭಾಗವನ್ನು ೨೦೧೧ರಲ್ಲಿ ಮಂಗಟ್ಟೆಗಳ ಸಂರಕ್ಷಣೆಗೆಂದೇ ಮೀಸಲಿಡಲಾಯಿತು. ಇಲ್ಲಿಗೆ ಬಂದವರು ನೂರು ಚಿತ್ರ ತೆಗೆದು ಎಲ್ಲಕ್ಕೂ "ಹಾರ್ನ್‌ಬಿಲ್, ದಾಂಡೇಲಿ" ಎಂದು ಬರೆದುಬಿಡುತ್ತಾರೆ. ದೊಡ್ಡ ಮಂಗಟ್ಟೆಯ ರೆಕ್ಕೆಯ ಮೇಲೆ ಹಳದಿ ಛಾಯೆಯ ಪಟ್ಟಿ ಇರುತ್ತದೆ. ಅದರ ಬಿಳಿಯ ಬಾಲಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ ಇರುತ್ತದೆ. ಕಪ್ಪು-ಬಿಳಿ ಮಂಗಟ್ಟೆಯ ಬಾಲದಲ್ಲಿ ನಡುವೆ ಕಪ್ಪು, ಹೊರಗೆ ಬಿಳಿ. ಹೆಣ್ಣಿನ ಕಣ್ಣಿನ ಸುತ್ತ ಬಿಳಿಚಿದ ಚರ್ಮ, ಗಂಡಿಗೆ ಹಾಗಿಲ್ಲ. ಇಷ್ಟನ್ನು ತಿಳಿದು, "ಮಲಬಾರಿನ ಕಪ್ಪು-ಬಿಳಿ ಮಂಗಟ್ಟೆ, ಹೆಣ್ಣು, ದಾಂಡೇಲಿ, ಉತ್ತರ ಕನ್ನಡ" ಎಂದು ತಿಂಗಳು ವರ್ಷಗಳೊಡನೆ ಬರೆದ ಚಿತ್ರವನ್ನು ಹುಡುಕುವವರು ಸುಲಭವಾಗಿ ಕಾಣುತ್ತಾರೆ, ನಂಬಿ ಕೊಳ್ಳುತ್ತಾರೆ. ಒಮ್ಮೆ ಗಂಡೆಂದು ಬರೆದು ಹೆಣ್ಣಿನ ಚಿತ್ರ ಕಳುಹಿಸಿ ನಾವೇ ನಗೆಗೀಡಾದುದುಂಟು. ಓದುಗರ ಪತ್ರವೊಂದು ಸಂಪಾದಕರ ಕೈಸೇರಿತು; ಆಮೇಲೆ ಆ ಸಂಪಾದಕರು ನಮ್ಮ ಪ್ರತಿಯೊಂದು ಶೀರ್ಷಿಕೆಯನ್ನೂ ಎರಡು ಸಲ ಪರೀಕ್ಷಿಸುತ್ತಿದ್ದರು. ಒಮ್ಮೆ ಕಳೆದ ನಂಬಿಕೆಯನ್ನು ಮರಳಿ ಸಂಪಾದಿಸುವುದಕ್ಕೆ ಮೂರು ವರ್ಷ ಹಿಡಿಯಿತು.

ಶೀರ್ಷಿಕೆಯನ್ನು ಬೇರೆ ಕಾಗದದಲ್ಲಿ ಬರೆದರೆ ಸಾಲದು. ಚಿತ್ರದ ಕಡತದೊಳಗೇ ಕರ್ತೃವಿನ ಹೆಸರು, ವಿವರಣೆ, ಸ್ಥಳ, ತಾರೀಖುಗಳನ್ನು ಸೇರಿಸುವ ಏರ್ಪಾಡು ಉಂಟು. ಅದನ್ನು ಐಪಿಟಿಸಿ ವಿವರವೆನ್ನುತ್ತಾರೆ. ಚಿತ್ರವನ್ನು ತಿದ್ದುವ ಸಾಧನಗಳಲ್ಲಿ ಬಹುಮಟ್ಟಿಗೆ ಎಲ್ಲದರಲ್ಲಿಯೂ ಇದಕ್ಕೆ ಅವಕಾಶವಿದೆ. ಹೀಗೆ ಬರೆದ ಹೆಸರು, ಯಾರಾದರೂ ಅಳಿಸಿಹಾಕದ ಹೊರತು, ಚಿತ್ರ ಹೋದಲ್ಲಿಗೆಲ್ಲ ಜೊತೆಯಲ್ಲಿ ಹೋಗುತ್ತದೆ.

ಅರಿವನ್ನು ಸಂಪಾದಿಸುವುದು ಹೇಗೆ? ಒಂದೇ ನೆಲವನ್ನು ಮತ್ತೆಮತ್ತೆ ನೋಡುವುದರಿಂದ. ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರ ತೆಗೆದರು. ಕೃಪಾಕರ-ಸೇನಾನಿಯವರು ಬಂಡೀಪುರದ ಕಡೆಯ ಸೀಳುನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಅವರ ಪ್ರತಿಭೆ ಎಲ್ಲರಿಗೂ ಬರುವಂಥದಲ್ಲವಾದರೂ ಅವರ ವಿಧಾನ ಎಲ್ಲರಿಗೂ ತೆರೆದದ್ದು. ವರ್ಷಕ್ಕೊಮ್ಮೆ ಹತ್ತು ಊರು ಸುತ್ತುವ ಬದಲು ವರ್ಷದಲ್ಲಿ ಹತ್ತು ಸಲ ಒಂದೇ ತಾಲ್ಲೂಕಿಗೆ ಹೋಗುವವರು ಬೇಗ ಮುಂದೆ ಬರುತ್ತಾರೆ. ಆ ಊರಿನಲ್ಲಿಯೇ ಹುಟ್ಟಿ ಬೆಳೆದ ಹವ್ಯಾಸಿಗಳಿಗಂತೂ, ಎಷ್ಟೇ ಬೆಲೆಬಾಳುವ ಮಸೂರ ಹೊತ್ತು ಬಂದ ಪ್ರವಾಸಿಗೂ ಇಲ್ಲದ ಸೌಕರ್ಯ ಉಂಟು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ವಿಷಯಗಳು ಬಿದ್ದಿವೆಯೆಂಬುದನ್ನು ಗಮನಿಸಿರಿ. ಹಳಿಯಾಳದಲ್ಲಿ ಕುಸ್ತಿಯ ಅಖಾಡವಿದೆ. ಜೋಯಿಡಾದಲ್ಲಿ ಕುಣಬಿ ರೈತರು ಬೆಳೆದ ಗೆಡ್ಡೆಗೆಣಸುಗಳ ಮೇಳ ನಡೆಯುತ್ತದೆ. ಚನ್ನಬಸವಣ್ಣನವರ ಸಮಾಧಿಯಿರುವ ಉಳವಿಯ ಜಾತ್ರೆಗೆ ಧಾರವಾಡ ಬೆಳಗಾವಿಗಳ ಕಡೆಯಿಂದ ಭಕ್ತರು ಚಕ್ಕಡಿ ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ಬರುತ್ತಾರೆ. ಮುಂಡಗೋಡು ತಾಲ್ಲೂಕಿನ ಅತ್ತಿವೇರಿಯ ಜಲಾಶಯದಲ್ಲಿ ಚಮಚದ ಕೊಕ್ಕಿನ ಹಕ್ಕಿಗಳೂ ನೀರುಕಾಗೆಗಳೂ ಸೇರುತ್ತವೆ. ಅದೇ ತಾಲ್ಲೂಕಿನಲ್ಲಿ ೧೯೬೬ರಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿ ಇದೆ. ಅಲ್ಲಿ ಗಾಂದೆನ್, ದ್ರೆಪುಂಗ್ ಎಂಬ ಮಹಾವಿಹಾರಗಳು ಪುನಃ ಸ್ಥಾಪಿತವಾದವು. ವಿದೇಶೀಯರು ಆ ವಸತಿಯಲ್ಲಿ ತಂಗಬೇಕಾದರೆ ಸರ್ಕಾರದ ವಿಶೇಷ ಪರವಾನಗಿ ಬೇಕು. ನಮ್ಮವರಿಗೆ ಆ ತೊಡಕಿಲ್ಲ. ಪ್ರಪಂಚದ ಪತ್ರಿಕೆಗಳು ದೂರದಿಂದ ಆಸೆಪಡುವ ವಿಷಯ ನಮ್ಮ ಹುಬ್ಬಳ್ಳಿಯ ಮಗ್ಗುಲಲ್ಲಿಯೇ ಇದೆ.

ಇಲ್ಲಿಯೇ ಒಂದು ಮಾತು. ಇಂದು ಬೆಲೆಯಿಲ್ಲದಂತೆ ಕಾಣುವ ಚಿತ್ರ ನಾಳೆ ಅಮೂಲ್ಯವಾಗಬಹುದು. ಜೋಯಿಡಾ ತಾಲ್ಲೂಕಿಗೆ ಹಿಂದೆ ಸೂಪಾ ತಾಲ್ಲೂಕೆಂದೇ ಹೆಸರು. ಕಾಳಿ ನದಿಗೆ ಗಣೇಶಗುಡಿಯ ಬಳಿ ೧೦೧ ಮೀಟರು ಎತ್ತರದ ಅಣೆಕಟ್ಟನ್ನು ಕಟ್ಟಿ ೧೯೮೭ರಲ್ಲಿ ಮುಗಿಸಿದರು. ಸೂಪಾ ಪಟ್ಟಣ ನೀರಿನಡಿಗೆ ಹೋಯಿತು. ಮುಳುಗುವ ಮುಂಚೆ ಆ ಪೇಟೆಯ ಬೀದಿಯನ್ನೋ ಶಾಲೆಯನ್ನೋ ಸಂತೆಯನ್ನೋ ಯಾರಾದರೂ ಸಾಧಾರಣ ಕ್ಯಾಮರಾದಲ್ಲಿ ತೆಗೆದಿಟ್ಟಿದ್ದರೆ ಆ ಚಿತ್ರಕ್ಕೆ ಸಾಟಿಯಾವುದು? ಅದನ್ನು ಎಷ್ಟು ಹಣ ಕೊಟ್ಟರೂ ಇನ್ನೊಮ್ಮೆ ತೆಗೆಯಲಾಗದು. ಇಂದೂ ಬದಲಾಗುತ್ತಿರುವುದು ಎಷ್ಟೋ ಇದೆ: ಹುಲ್ಲು ಹೊದಿಸಿದ ಮನೆ, ಹಳೆಯ ಗಿರಣಿ, ವಾರದ ಸಂತೆ, ಮಣ್ಣಿನ ರಸ್ತೆ. ಇವನ್ನು ಪ್ರವಾಸಿಗಳು ತೆಗೆಯುವುದಿಲ್ಲ. ತೆಗೆದಿಡುವವರು ಮಾರುವುದಕ್ಕೆ ಆತುರಪಡಬೇಕಾದುದಿಲ್ಲ. ಕಾಲವೇ ಅದರ ಬೆಲೆಯನ್ನು ಏರಿಸುತ್ತದೆ.

ಮೂರನೆಯ ಪ್ರಶ್ನೆ ಅಪ್ಪಣೆಯದು. ಇದರಲ್ಲಿ ಎರಡು ಭಾಗ: ಕಾಡಿನದು, ಜನರದು.

ದಾಂಡೇಲಿಯ ಕಾಡು ೧೯೫೬ರಲ್ಲಿ ಅಭಯಾರಣ್ಯವಾಯಿತು. ಅಣಶಿ ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ೨೦೦೭ರಲ್ಲಿ ಎರಡೂ ಸೇರಿ ಹುಲಿಗಳ ರಕ್ಷಿತಪ್ರದೇಶವಾದವು. ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರಿಟ್ಟರು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಪ್ರಕಾರ ಇಂತಹ ಸ್ಥಳಕ್ಕೆ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ. ಛಾಯಾಗ್ರಹಣವೂ ಅಪ್ಪಣೆ ಪಡೆಯಬಹುದಾದ ಉದ್ದೇಶಗಳಲ್ಲಿ ಒಂದು. ೨೦೨೨ರ ತಿದ್ದುಪಡಿ ಅದಕ್ಕೆ ಒಂದು ಷರತ್ತನ್ನು ಸೇರಿಸಿತು: ಪ್ರಾಣಿಗಳಿಗಾಗಲಿ ಅವುಗಳ ನೆಲೆಗಾಗಲಿ ಕೆಡುಕಾಗಬಾರದು. ಸಫಾರಿಯ ಚೀಟಿ ನೋಡುವುದಕ್ಕೆ ಪಡೆದದ್ದು. ವ್ಯಾಪಾರದ ಚಿತ್ರೀಕರಣಕ್ಕೆ ನಿಯಮಗಳು ಬೇರೆ. ಆದುದರಿಂದ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಕಾಯಿದೆಗಿಂತಲೂ ಮುಖ್ಯವಾದುದು ನಮ್ಮ ಅಂತಃಕರಣ. ಮಂಗಟ್ಟೆಯ ಸಂಸಾರ ವಿಚಿತ್ರವಾದುದು. ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಬಾಯನ್ನು ಮುಚ್ಚಿಕೊಂಡು, ಒಂದು ಸಣ್ಣ ಸೀಳನ್ನು ಮಾತ್ರ ಉಳಿಸಿ, ಒಳಗೇ ಮೊಟ್ಟೆಯಿಟ್ಟು ಕೂರುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗೂ ಗಂಡು ತಂದುಕೊಟ್ಟ ಹಣ್ಣೇ ಆಧಾರ. ಮರದ ಕೆಳಗೆ ಹತ್ತು ಮಂದಿ ಕ್ಯಾಮರಾ ಹಿಡಿದು ನಿಂತರೆ ಗಂಡು ಹತ್ತಿರ ಬರಲು ಹೆದರುತ್ತದೆ, ಒಳಗಿನವು ಹಸಿಯುತ್ತವೆ. ಅಂತಹ ಚಿತ್ರ ಎಷ್ಟು ಸೊಗಸಾದರೂ ಅದಕ್ಕೆ ತೆತ್ತ ಬೆಲೆ ನಮ್ಮದಲ್ಲ, ಹಕ್ಕಿಯದು. ನಮ್ಮ ದೇಶದ ಹಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸದಿರುವುದು ಈ ಕಾರಣದಿಂದಲೇ. ಗೂಡಿರುವ ಮರದ ಗುರುತನ್ನು ಶೀರ್ಷಿಕೆಯಲ್ಲಿ ಬರೆಯುವುದೂ ಸಲ್ಲದು. ಊರಿನ ಹೆಸರು ಸಾಕು.

ಜನರ ವಿಷಯಕ್ಕೆ ಬಂದರೆ ಇನ್ನೂ ಸೂಕ್ಷ್ಮ. ಹಳಿಯಾಳ, ಮುಂಡಗೋಡುಗಳ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಇವರು ಕೊಂಕಣಿಯನ್ನೂ ಕನ್ನಡವನ್ನೂ ಆಡುವ ನಮ್ಮ ನಾಡಿನವರು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಪ್ರವಾಸಿಯು ಕಾರು ನಿಲ್ಲಿಸಿ, ಬಾಗಿಲಲ್ಲಿ ಕುಳಿತ ಮುದುಕಿಯ ಮುಖವನ್ನು ಕೇಳದೆ ತೆಗೆದು, "ಭಾರತದ ಕಾಡಿನಲ್ಲಿ ಆಫ್ರಿಕ" ಎಂದು ಹೆಸರಿಟ್ಟು ಮಾರಿದರೆ ಆ ಚಿತ್ರ ಮಾಡುವುದೇನು? ತಲೆಮಾರುಗಳಿಂದ ಇಲ್ಲಿಯೇ ಬಾಳಿದವರನ್ನು ಅವರ ಮನೆಯ ಹೊಸ್ತಿಲಲ್ಲಿಯೇ ಪರದೇಶಿಗಳನ್ನಾಗಿ ಮಾಡುತ್ತದೆ. ಅದೇ ಮುದುಕಿ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕವದಿ ಹೊಲಿಯುತ್ತಿರುವಾಗ ಬಳಿಯಲ್ಲಿ ಕುಳಿತು, ಮಾತನಾಡಿಸಿ, ಒಪ್ಪಿಗೆ ಪಡೆದು ತೆಗೆದ ಚಿತ್ರವನ್ನು, ಅವರು ಬಯಸಿದರೆ ಅವರ ಹೆಸರನ್ನೂ ಹಳ್ಳಿಯ ಹೆಸರನ್ನೂ ಸೇರಿಸಿ ಕೊಟ್ಟರೆ, ಅದು ನಿಜವಾದ ಚಿತ್ರ. ಸಿದ್ದಿ ಹೆಂಗಸರ ಕವದಿಗಳನ್ನು ಕಲಾಕೃತಿಗಳೆಂದು ಪ್ರದರ್ಶನಗಳಲ್ಲಿ ಇಡುತ್ತಿರುವ ಕಾಲವಿದು. ಎರಡನೆಯ ಚಿತ್ರಕ್ಕೇ ಬೆಲೆಯೂ ಹೆಚ್ಚು.

ವ್ಯವಹಾರದ ನಿಯಮ ಹೀಗಿದೆ. ವಾರ್ತೆಗೆ, ಲೇಖನಕ್ಕೆ ಪ್ರಕಟವಾಗುವ ಚಿತ್ರದಲ್ಲಿ ಮುಖ ಕಂಡರೆ ಸಾಮಾನ್ಯವಾಗಿ ಲಿಖಿತ ಒಪ್ಪಿಗೆಯನ್ನು ಕೇಳುವುದಿಲ್ಲ. ಜಾಹೀರಾತಿಗೆ ಉಪಯೋಗವಾಗುವ ಚಿತ್ರಕ್ಕೆ ಗುರುತು ಹತ್ತುವ ಪ್ರತಿಯೊಬ್ಬರ ರುಜುವೂ ಬೇಕು, ಮಕ್ಕಳಾದರೆ ತಂದೆತಾಯಿಗಳದು. ಒಪ್ಪಿಗೆಯ ಕಾಗದ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು; ಓದಲು ಬಾರದವರಿಗೆ ಓದಿ ಹೇಳಬೇಕು. ಖಾಸಗಿತನ ಮೂಲಭೂತ ಹಕ್ಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ೨೦೧೭ರಲ್ಲಿ ತೀರ್ಪು ಕೊಟ್ಟಿದೆಯೆಂಬುದನ್ನೂ ಮರೆಯಬಾರದು. ಚಿತ್ರದ ಒಂದು ಮುದ್ರಿತ ಪ್ರತಿಯನ್ನು ಅವರಿಗೆ ತಲಪಿಸುವುದು, ಹಣ ಬಂದಾಗ ಅದರಲ್ಲೊಂದು ಪಾಲನ್ನು ಕೊಡುವುದು, ಇವು ಯಾವ ಕಾಯಿದೆಯೂ ಹೇಳದ ಮಾತುಗಳು. ಆದರೆ ಎರಡನೆಯ ಸಲ ಆ ಹಳ್ಳಿಗೆ ತಲೆಯೆತ್ತಿ ಹೋಗಬೇಕೆನ್ನುವವರು ಹಾಗೆ ಮಾಡುತ್ತಾರೆ. ಮುಂಡಗೋಡಿನ ವಿಹಾರಗಳಲ್ಲಿಯೂ ಇದೇ ಕ್ರಮ: ಪ್ರಾರ್ಥನೆಯ ವೇಳೆ, ಸಭಾಮಂದಿರದೊಳಗೆ, ಕೇಳದೆ ಕ್ಯಾಮರಾ ಎತ್ತಬಾರದು.

ಇನ್ನು ಕೊಳ್ಳುವವರು ಯಾರೆಂಬುದು. ನಾವು ಹತ್ತಿರದಿಂದ ಮೊದಲುಮಾಡುತ್ತೇವೆ, ಏಕೆಂದರೆ ಹೊಸಬರಿಗೆ ಮೊದಲ ಹಣ ಬರುವುದು ಹತ್ತಿರದಿಂದಲೇ. ದಾಂಡೇಲಿ, ಗಣೇಶಗುಡಿ, ಜೋಯಿಡಾಗಳಲ್ಲಿ ನದಿಯ ವಿಹಾರಕ್ಕೂ ಹಕ್ಕಿಗಳ ವೀಕ್ಷಣೆಗೂ ಬರುವವರನ್ನು ತಂಗಿಸುವ ಗೃಹಗಳು ಬಹಳ. ಅವುಗಳ ಗೋಡೆಯ ಮೇಲೆ ಎಲ್ಲಿಂದಲೋ ತಂದ ಹಿಮಪರ್ವತದ ಚಿತ್ರ ತೂಗುತ್ತಿರುವುದನ್ನು ನಾವೇ ನೋಡಿದ್ದೇವೆ. ಅಲ್ಲಿಯ ಹಕ್ಕಿ, ಅಲ್ಲಿಯ ನದಿಯ ಹತ್ತು ಚಿತ್ರಗಳನ್ನು ಚೊಕ್ಕವಾಗಿ ಮುದ್ರಿಸಿ ತೋರಿಸಿದರೆ ಬೇಡವೆನ್ನುವವರು ವಿರಳ. ಅಂಚೆಯ ಕಾರ್ಡು, ಕ್ಯಾಲೆಂಡರು, ಹಕ್ಕಿಗಳ ಕೈಪಿಡಿ ಇವೂ ಅಲ್ಲಿಯೇ ಮಾರಾಟವಾಗತಕ್ಕವು.

ಎರಡನೆಯವರು ಪತ್ರಿಕೆಗಳು, ಪ್ರಕಾಶಕರು. ಕನ್ನಡದ ದಿನಪತ್ರಿಕೆಗಳ ಪುರವಣಿಗಳಿಗೂ ವಾರಪತ್ರಿಕೆ ಮಾಸಪತ್ರಿಕೆಗಳಿಗೂ ಬರಿಯ ಚಿತ್ರಕ್ಕಿಂತ ಚಿತ್ರದೊಡನೆ ಬಂದ ಬರೆಹ ಹೆಚ್ಚು ಪ್ರಿಯ. ಆರೆಂಟು ಚಿತ್ರಗಳು, ಆರುನೂರು ಮಾತುಗಳ ಲೇಖನ, ಎಲ್ಲಕ್ಕೂ ನಿಷ್ಕೃಷ್ಟವಾದ ಶೀರ್ಷಿಕೆ: ಇಷ್ಟನ್ನು ಒಂದು ಕಟ್ಟಾಗಿ, ಸಮಯಕ್ಕೆ ಮುಂಚೆ ಕಳುಹಿಸಬೇಕು. ಉಳವಿಯ ಜಾತ್ರೆಯ ಲೇಖನ ಜಾತ್ರೆ ಮುಗಿದ ಮೇಲೆ ಬಂದರೆ ಮರುವರ್ಷದ ವರೆಗೆ ಅದಕ್ಕೆ ಎಡೆಯಿಲ್ಲ. ಆದುದರಿಂದ ಈ ವರ್ಷದ ಜಾತ್ರೆಯಲ್ಲಿ ತೆಗೆದು, ಮುಂದಿನ ವರ್ಷದ ಜಾತ್ರೆಗೆ ಒಂದು ತಿಂಗಳು ಮೊದಲು ಕಳುಹಿಸುವುದು ಬುದ್ಧಿವಂತಿಕೆ.

ಮೂರನೆಯವು ಅಂತರಜಾಲದ ಚಿತ್ರಭಂಡಾರಗಳು: ಶಟರ್‌ಸ್ಟಾಕ್, ಅಡೋಬ್ ಸ್ಟಾಕ್, ಆಲಮಿ ಮುಂತಾದವು. ಮನೆಯಲ್ಲಿ ಕುಳಿತೇ ಪ್ರಪಂಚಕ್ಕೆಲ್ಲ ಮಾರಬಹುದೆಂಬುದು ಇವುಗಳ ಆಕರ್ಷಣೆ. ಆದರೆ ಲೆಕ್ಕವನ್ನು ಮೊದಲೇ ತಿಳಿದಿರಬೇಕು. ಅಡೋಬ್ ಸ್ಟಾಕಿನವರು ಛಾಯಾಚಿತ್ರಕ್ಕೆ ಬಂದ ಹಣದಲ್ಲಿ ನೂರಕ್ಕೆ ೩೩ರಷ್ಟನ್ನು ಕರ್ತೃವಿಗೆ ಕೊಡುವ ಕ್ರಮವನ್ನಿಟ್ಟುಕೊಂಡರು. ಶಟರ್‌ಸ್ಟಾಕಿನವರು ೨೦೨೦ರ ಜೂನ್ ತಿಂಗಳಲ್ಲಿ ಕ್ರಮವನ್ನು ಬದಲಿಸಿದಾಗ ಕರ್ತೃವಿನ ಪಾಲು ನೂರಕ್ಕೆ ೧೫ರಿಂದ ಆರಂಭವಾಯಿತು. ಅತಿ ಕಡಮೆಯ ಸಂದಾಯ ಒಂದು ಚಿತ್ರಕ್ಕೆ ೧೦ ಅಮೆರಿಕನ್ ಸೆಂಟು. ಹತ್ತು ಸೆಂಟಿನಂತೆ ೨೫ ಡಾಲರು ಕೂಡಬೇಕಾದರೆ ೨೫೦ ಸಲ ಚಿತ್ರ ಮಾರಾಟವಾಗಬೇಕು. ಇದರಿಂದ ಜೀವನ ನಡೆಸುವ ಕನಸನ್ನು ಹೊಸಬರು ಕಾಣಬಾರದು. ಆದರೂ ಆಲಸ್ಯವಿಲ್ಲದೆ ಶೀರ್ಷಿಕೆ ಬರೆಯುವವರಿಗೆ ಇದು ಒಳ್ಳೆಯ ಶಾಲೆ. ಅಸ್ಪಷ್ಟತೆ, ಕತ್ತಲೆಯ ಚಿತ್ರದಲ್ಲಿ ಕಾಣುವ ಚುಕ್ಕೆಗಳು, ಚಿತ್ರದಲ್ಲಿ ನುಸುಳಿದ ವ್ಯಾಪಾರಮುದ್ರೆ ಇವುಗಳಿಗಾಗಿ ಅವರು ಚಿತ್ರವನ್ನು ತಿರಸ್ಕರಿಸುತ್ತಾರೆ. ತಿರಸ್ಕಾರದಿಂದ ಕಣ್ಣು ಚುರುಕಾಗುತ್ತದೆ.

ನಾಲ್ಕನೆಯದು ಮುದ್ರಿತ ಪ್ರತಿಗಳ ಪ್ರದರ್ಶನ. ಬೆಂಗಳೂರಿನಲ್ಲಿ ೧೯೭೧ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಸಂಘಗಳನ್ನು ಸೇರಿದರೆ ಹಿರಿಯರ ವಿಮರ್ಶೆ ಸಿಗುತ್ತದೆ, ಸ್ಪರ್ಧೆಗಳಿಗೆ ದಾರಿಯಾಗುತ್ತದೆ. ಪ್ರಶಸ್ತಿ ಬಂದ ಮಾತ್ರಕ್ಕೆ ಹಣ ಬರುವುದಿಲ್ಲ. ಹೆಸರು ಬರುತ್ತದೆ, ಹೆಸರಿನ ಹಿಂದೆ ಕೊಳ್ಳುವವರು ಬರುತ್ತಾರೆ. ಆದರೆ ಸ್ಪರ್ಧೆಯ ನಿಯಮಗಳನ್ನು ಓದದೆ ಚಿತ್ರ ಕಳುಹಿಸಬಾರದು. ಕಳುಹಿಸಿದ ಚಿತ್ರದ ಹಕ್ಕೆಲ್ಲ ತಮ್ಮದೆಂದು ಸಣ್ಣ ಅಕ್ಷರದಲ್ಲಿ ಬರೆದಿರುವ ಸ್ಪರ್ಧೆಗಳೂ ಉಂಟು.

ಮುದ್ರಣಕ್ಕೆ ಎಷ್ಟು ದೊಡ್ಡ ಚಿತ್ರ ಬೇಕೆಂದು ಕೇಳುವವರಿಗೆ ಒಂದು ಸುಲಭ ಲೆಕ್ಕ. ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ ೩೦೦ ಬಿಂದುಗಳು ಬೇಕೆನ್ನುತ್ತಾರೆ. ಹನ್ನೆರಡು ಅಂಗುಲ ಅಗಲ, ಹದಿನೆಂಟು ಅಂಗುಲ ಉದ್ದದ ಪ್ರತಿಗೆ ೩೬೦೦ ಮತ್ತು ೫೪೦೦ ಬಿಂದುಗಳಾದವು. ಗುಣಿಸಿದರೆ ಸುಮಾರು ೧೯೪ ಲಕ್ಷ, ಎಂದರೆ ೨೦ ಮೆಗಾಪಿಕ್ಸೆಲಿಗೆ ತುಸು ಕಡಮೆ. ಇಂದಿನ ಸಾಧಾರಣ ಕ್ಯಾಮರಾಗಳೂ ಇಷ್ಟನ್ನು ಕೊಡುತ್ತವೆ. ಆದುದರಿಂದ ಹೊಸ ಯಂತ್ರವಿಲ್ಲದೆ ಮಾರಾಟವಿಲ್ಲವೆಂಬ ಅಳುಕು ಬೇಡ. ಅಂತರಜಾಲದಲ್ಲಿ ತೋರಿಸುವ ಪ್ರತಿ ಮಾತ್ರ ಉದ್ದದಲ್ಲಿ ಸಾವಿರ ಬಿಂದುಗಳಷ್ಟಿದ್ದರೆ ಸಾಕು. ಪೂರ್ಣ ಗಾತ್ರದ್ದು ಬೆಲೆ ಬಂದ ಮೇಲೆ. ಕ್ಯಾಮರಾ ಮೊದಲು ದಾಖಲಿಸಿದ ಮೂಲ ಕಡತವನ್ನು ಯಾರಿಗೂ ಕೊಡದೆ ಕಾಪಾಡಿಕೊಳ್ಳಬೇಕು. ಚಿತ್ರ ಯಾರದೆಂಬ ವಿವಾದ ಬಂದರೆ ಅದೇ ಪ್ರಮಾಣ. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಬೆಲೆಯನ್ನು ಗೊತ್ತುಮಾಡುವುದು ಹವ್ಯಾಸಿಗೆ ಸಂಕೋಚದ ಕೆಲಸ. "ಹೆಸರು ಹಾಕುತ್ತೇವೆ, ಹಣವೇಕೆ?" ಎಂದು ಕೇಳುವವರ ಮುಂದೆ ನಾಲಗೆ ಏಳುವುದಿಲ್ಲ. ಮುದ್ರಿತ ಪ್ರತಿಯಾದರೆ ಮುದ್ರಣದ, ಚೌಕಟ್ಟಿನ, ಸಾಗಣೆಯ ವೆಚ್ಚವನ್ನು ಮೊದಲು ಕೂಡಿರಿ. ಪ್ರಯಾಣದ ವೆಚ್ಚದಲ್ಲೊಂದು ಪಾಲನ್ನು ಸೇರಿಸಿರಿ. ನಿಮ್ಮ ದುಡಿಮೆಗೆ ಇಷ್ಟೆಂದು ಕಟ್ಟಿರಿ. ಇದು ಬೆಲೆಯ ತಳ. ಇದಕ್ಕಿಂತ ಕೆಳಗೆ ಇಳಿದರೆ ಅದು ದಾನ. ದಾನ ತಪ್ಪಲ್ಲ, ಶಾಲೆಯ ಗೋಡೆಗೋ ಹಕ್ಕಿಯ ರಕ್ಷಣೆಯ ಕರಪತ್ರಕ್ಕೋ ನಾವೂ ಉಚಿತವಾಗಿ ಕೊಡುತ್ತೇವೆ. ಆದರೆ ದಾನವೆಂದು ತಿಳಿದು ಕೊಡಬೇಕು. ವ್ಯಾಪಾರಕ್ಕೆ ಉಪಯೋಗಿಸುವವರಿಗೆ ಬಿಟ್ಟಿಯಾಗಿ ಕೊಡುತ್ತ ಹೋದರೆ, ಆ ಊರಿನಲ್ಲಿ ಅದರಿಂದಲೇ ಹೊಟ್ಟೆ ಹೊರೆಯಬೇಕೆಂದು ಹೊರಟ ಬಡ ಯುವಕನ ಅನ್ನಕ್ಕೆ ನಾವು ಕಲ್ಲು ಹಾಕಿದಂತಾಗುತ್ತದೆ. ಸಂಬಳವುಳ್ಳ ನಗರದ ಹವ್ಯಾಸಿಗಳು ಇದನ್ನು ವಿಶೇಷವಾಗಿ ಯೋಚಿಸಬೇಕು. ಬಂದ ಹಣಕ್ಕೆ ಲೆಕ್ಕವಿಡುವುದು, ಆದಾಯದ ತೆರಿಗೆಯ ವಿವರದಲ್ಲಿ ಅದನ್ನು ತೋರಿಸುವುದು ಹೇಳಬೇಕಾಗಿಯೇ ಇಲ್ಲ.

ಹಾಗಾದರೆ ನಾಳೆ ಏನು ಮಾಡಬೇಕು? ಇರುವ 'ಸಾವಿರಾರು ಚಿತ್ರಗಳಿಂದ' ಇಪ್ಪತ್ತನ್ನು ಆರಿಸಿರಿ. ಪ್ರತಿಯೊಂದಕ್ಕೂ ಯಾರು, ಏನು, ಎಲ್ಲಿ, ಎಂದು ಎಂಬ ನಾಲ್ಕು ಉತ್ತರಗಳನ್ನು ಬರೆಯಿರಿ. ಉತ್ತರ ಬರೆಯಲಾಗದ ಚಿತ್ರವನ್ನು ಪಕ್ಕಕ್ಕಿಡಿರಿ. ಇಪ್ಪತ್ತರಲ್ಲಿ ಏಳೋ ಎಂಟೋ ಉಳಿದಾವು. ನಿಮ್ಮ ಬಂಡವಾಳ ಅದೇ. ಮುಂದಿನ ಸಲ ಹೋದಾಗ ಹಕ್ಕಿಯ ಹೆಸರನ್ನು ಕೇಳಿ ತಿಳಿಯುವಿರಿ, ಮನೆಯ ಮುಂದೆ ಕುಳಿತವರನ್ನು ಮಾತನಾಡಿಸುವಿರಿ. ಚಿತ್ರ ಮಾರಾಟವಾದರೂ ಆಗದಿದ್ದರೂ ಆ ತಿಳಿವಳಿಕೆ ನಿಮ್ಮದಾಗಿ ಉಳಿಯುತ್ತದೆ.

ನಮ್ಮ ಮಂಜಿನ ಬೆಳಗಿನ ಚಿತ್ರವನ್ನು ಅನಂತರ ಒಬ್ಬ ಪ್ರಕಾಶಕರು ಪುಸ್ತಕವೊಂದಕ್ಕೆ ಕೇಳಿದರು. ಈ ಸಲ ಕಾಗದ ಬರೆದು ಕೊಟ್ಟೆವು. ಬಂದ ಹಣ ದೊಡ್ಡದಲ್ಲ; ಅದರಿಂದ ದಾಂಡೇಲಿಗೆ ಇನ್ನೊಂದು ಪ್ರಯಾಣ ಮಾಡಲು ಸಾಕಾಯಿತು, ಅಷ್ಟೆ. ಆದರೆ ಪುಸ್ತಕ ಬಿಚ್ಚಿದಾಗ ಚಿತ್ರದ ಕೆಳಗೆ "ಕಾಳಿ ನದಿ, ದಾಂಡೇಲಿ" ಎಂದು ಸರಿಯಾಗಿ ಅಚ್ಚಾಗಿತ್ತು. ನದಿಗೆ ಅದರ ಹೆಸರು ಮರಳಿ ಬಂದಿತ್ತು. ನಮಗೆ ಅದೇ ಹೆಚ್ಚಿನ ಸಂತೋಷ.